ಟೈರಿನ ಗಾಳಿ ಇಳಿಸಿ ಮರುಭೂಮಿ ದಾಟಿದ ಬ್ಯಾಗ್ನಾಲ್ಡ್

ಹೋದ ಸೆಮಿಸ್ಟರ್ ರಜೆಯಲ್ಲಿ ನಾವು ಐದು ಜನ ಕರಾವಳಿಗೆ ಹೋಗಿದ್ವಿ. ಫೋರ್ ವೀಲ್ ಡ್ರೈವ್ ಇದೆಯಲ್ಲ ಅನ್ನೋ ಧೈರ್ಯದ ಮೇಲೆ ಗಾಡಿಯನ್ನ ಮರಳಿಗೆ ಇಳಿಸಿದ್ದೇ ತಡ, ಹೂತುಹೋಯ್ತು. ಆಕ್ಸಿಲರೇಟರ್ ಒತ್ತಿದಷ್ಟೂ ಇನ್ನೂ ಆಳಕ್ಕೆ. ಆ ಕಡೆಯಿಂದ ಉಬ್ಬರದ ನೀರು ಬೇರೆ ಹತ್ತಿರ ಬರ್ತಾ ಇತ್ತು. ಆಗ ಬಂದ ಹಳೇ ಜೀಪ್ ಡ್ರೈವರ್ ಒಬ್ಬರು ಚಕ್ರದ ಮುಂದಿನ ಮರಳು ತೋಡಿಸಿ, ನಾಲ್ಕೂ ಟೈರಿನ ಗಾಳಿಯನ್ನ ಅರ್ಧದಷ್ಟು ಇಳಿಸಿದರು. ಗಾಡಿ ಮೆತ್ತಗೆ ಎದ್ದು ಬಂತು. ಇದು ಹೇಗೆ ಅಂತ ಆಮೇಲೆ ಹುಡುಕುತ್ತಾ ಹೋದಾಗ ಸಿಕ್ಕಿದವರೇ ರಾಲ್ಫ್ ಬ್ಯಾಗ್ನಾಲ್ಡ್.

ಬ್ಯಾಗ್ನಾಲ್ಡ್ ಹುಟ್ಟಿದ್ದು 1896ರಲ್ಲಿ, ಇಂಗ್ಲೆಂಡಿನ ಡೆವನ್‌ಪೋರ್ಟ್‌ನಲ್ಲಿ. ಬ್ರಿಟಿಷ್ ಸೈನ್ಯದ ಎಂಜಿನಿಯರ್ ದಳ ಸೇರಿ ಮೊದಲ ಮಹಾಯುದ್ಧ ನೋಡಿದರು. ಯುದ್ಧ ಮುಗಿದ ಮೇಲೆ ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದಿ ಮತ್ತೆ ಸೈನ್ಯಕ್ಕೆ ಬಂದರು. 1920ರ ದಶಕದಲ್ಲಿ ಈಜಿಪ್ಟಿಗೆ, ಆಮೇಲೆ ಭಾರತಕ್ಕೆ ಪೋಸ್ಟಿಂಗ್ ಆಯ್ತು. ರಜೆ ಸಿಕ್ಕರೆ ಉಳಿದವರು ಊರಿಗೆ ಹೋಗ್ತಿದ್ದರು, ಇವರು ಮಾತ್ರ ಗೆಳೆಯರ ಜೊತೆ ಫೋರ್ಡ್ ಕಾರು ಹತ್ತಿ ಲಿಬಿಯನ್ ಮರುಭೂಮಿಗೆ ಹೊರಡ್ತಿದ್ದರು.

ಗಮನಿಸಿ, ಆ ಕಾರುಗಳಲ್ಲಿ ಪವರ್ ಹೋಗ್ತಿದ್ದುದು ಹಿಂದಿನ ಎರಡೇ ಚಕ್ರಕ್ಕೆ. ನೂರಾರು ಮೈಲಿ ಸುತ್ತ ಬಾವಿ ಇಲ್ಲ, ಜನ ಇಲ್ಲ. ಗಾಡಿ ಹೂತರೆ ಅಲ್ಲೇ ಸಾವು. ಹಾಗಾಗಿ ಒಂದೊಂದು ತೊಂದರೆಯನ್ನೂ ಅವರು ಪ್ರಾಬ್ಲಮ್ ಶೀಟಿನ ಲೆಕ್ಕದಂತೆ ಬಿಡಿಸುತ್ತಾ ಹೋದರು.

ಮೊದಲನೆಯದು ಟೈರ್. ಗಾಳಿ ಕಡಿಮೆಯಾದರೆ ಟೈರ್ ಚಪ್ಪಟೆಯಾಗಿ, ನೆಲ ಮುಟ್ಟುವ ಜಾಗ ಉದ್ದವಾಗುತ್ತೆ. ಭಾರ ಅಷ್ಟೇ ಇದ್ದರೂ ಪ್ರತಿ ಚದರ ಇಂಚಿನ ಮೇಲೆ ಬೀಳುವ ಒತ್ತಡ ತಗ್ಗುತ್ತೆ. ನಮ್ಮ ಗಾಡಿಯನ್ನೇ ತಗೊಳ್ಳಿ: 32 ಪಿಎಸ್‌ಐನಿಂದ 18ಕ್ಕೆ ಇಳಿಸಿದರೆ ನೆಲ ಮುಟ್ಟುವ ಜಾಗ ಸರಿಸುಮಾರು ಒಂದೂ ಮುಕ್ಕಾಲು ಪಟ್ಟು ಆಗುತ್ತೆ. ಫಸ್ಟ್ ಇಯರ್ ಫಿಸಿಕ್ಸ್ ಅಷ್ಟೇ!

ಎರಡನೆಯದು, ಹೂತ ಮೇಲೆ ಎತ್ತೋದು. ಕೈರೋದ ಗುಜರಿಯಲ್ಲಿ ಅವರಿಗೆ ಉಕ್ಕಿನ ಉದ್ದನೆಯ ಪಟ್ಟಿಗಳು ಸಿಕ್ಕವು. ಅವು ಯುದ್ಧಕಾಲದಲ್ಲಿ ನೆಲದಡಿಯ ಬಂಕರುಗಳಿಗೆ ಚಾವಣಿಯಾಗಿ ಮಾಡಿದ್ದವು. ಅವನ್ನ ಚಕ್ರದ ಕೆಳಗಿಟ್ಟರೆ ಗಾಡಿ ಅದರ ಮೇಲೆ ಹತ್ತಿ ಹೊರಬರ್ತಿತ್ತು. ಇವತ್ತು ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ರಿಕವರಿ ಬೋರ್ಡ್ ಮಾಡುವುದೂ ಇದೇ ಕೆಲಸವನ್ನ.

ಮೂರನೆಯದು ನೀರು. ರೇಡಿಯೇಟರ್ ಕುದಿದು ಹೊರಬರುವ ಆವಿಯನ್ನ ಪೈಪಿನ ಮೂಲಕ ನೀರಿನ ಡಬ್ಬಕ್ಕೆ ಬಿಟ್ಟರು. ಎಂಜಿನ್ ತಣ್ಣಗಾದಾಗ ಒಳಗೆ ಉಂಟಾದ ನಿರ್ವಾತ ಅದೇ ನೀರನ್ನ ವಾಪಸ್ ಎಳೆದುಕೊಳ್ತಿತ್ತು. ಇನ್ನು ದಿಕ್ಕು. ಕಾರಿನ ಕಬ್ಬಿಣದಿಂದ ಕಾಂತದ ದಿಕ್ಸೂಚಿ ಕೈಕೊಡುತ್ತೆ. ಅದಕ್ಕೆ ಡಿಗ್ರಿ ಬರೆದ ತಟ್ಟೆಯ ಮಧ್ಯೆ ಒಂದು ಕಡ್ಡಿ ನಿಲ್ಲಿಸಿ, ಅದರ ನೆರಳು ನೋಡಿ ಗಾಡಿ ಓಡಿಸಿದರು.

1935ರಲ್ಲಿ ಸೈನ್ಯ ಬಿಟ್ಟ ಬ್ಯಾಗ್ನಾಲ್ಡ್, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಸ್ವತಃ ವಿಂಡ್ ಟನಲ್ ಕಟ್ಟಿ ಮರಳಿನ ಪ್ರಯೋಗಕ್ಕೆ ಕೂತರು. ಮರಳಿನ ಕಣಗಳು ಗಾಳಿಯಲ್ಲಿ ತೇಲುವುದಕ್ಕಿಂತ ಹೆಚ್ಚಾಗಿ ನೆಗೆನೆಗೆದು ಸಾಗುತ್ತವೆ ಅಂತ ಅಳೆದು ತೋರಿಸಿದರು. ದಿಬ್ಬದಲ್ಲಿ ಗಾಳಿ ಬೀಸುವ ಕಡೆ ಕಣಗಳು ಬಡಿದು ಬಡಿದು ಗಟ್ಟಿಯಾಗಿ ಕೂರುತ್ತವೆ, ಮರೆಯ ಕಡೆ ಜಾರಿಬಿದ್ದ ಮರಳು ಸಡಿಲವಾಗಿರುತ್ತೆ. ಗಾಡಿ ಎಲ್ಲಿ ಹತ್ತುತ್ತೆ, ಎಲ್ಲಿ ಮುಳುಗುತ್ತೆ ಅನ್ನೋ ಪ್ರಶ್ನೆಗೆ ಅವರಿಗೆ ಸಿಕ್ಕ ಉತ್ತರ ಇದು. 1941ರಲ್ಲಿ ಬಂದ ಅವರ ಪುಸ್ತಕವನ್ನ ಮರಳಿನ ಸಂಶೋಧಕರು ಇವತ್ತಿಗೂ ತೆಗೆದು ನೋಡ್ತಾರೆ.

ಎರಡನೇ ಮಹಾಯುದ್ಧ ಶುರುವಾದಾಗ ಮತ್ತೆ ಕರೆ ಬಂತು. 1940ರಲ್ಲಿ, ಬರೀ ಆರು ವಾರದಲ್ಲಿ, ನ್ಯೂಜಿಲೆಂಡಿನ ಸೈನಿಕರನ್ನ ಸೇರಿಸಿಕೊಂಡು ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಕಟ್ಟಿದರು. ಅದರ ಆರಂಭದ ಶೆವ್ರೊಲೆ ಲಾರಿಗಳೂ ಟೂ ವೀಲ್ ಡ್ರೈವ್! ದಾಟಲಾಗದು ಅಂತ ಶತ್ರು ನಂಬಿದ್ದ ಮರಳ ಸಮುದ್ರವನ್ನ ಅವು ದಾಟಿದವು.

1944ರಲ್ಲಿ ಅವರು ರಾಯಲ್ ಸೊಸೈಟಿಯ ಫೆಲೋ ಆದರು. 1990ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಮಂಗಳ ಗ್ರಹದ ಒಂದು ಮರಳು ದಿಬ್ಬಗಳ ಸಾಲಿಗೆ ಈಗ ಅವರ ಹೆಸರಿದೆ, ಕ್ಯೂರಿಯಾಸಿಟಿ ರೋವರ್ ಅಲ್ಲಿಗೆ ಹೋಗಿ ನೋಡಿ ಬಂತು. ಅದೇ ಮಂಗಳದಲ್ಲಿ 2009ರಲ್ಲಿ ಸ್ಪಿರಿಟ್ ರೋವರ್ ಮರಳಿನಲ್ಲಿ ಸಿಕ್ಕಿಕೊಂಡು ಮತ್ತೆ ಏಳಲಿಲ್ಲ. ಆಗ ಅದರ ಆರು ಚಕ್ರಗಳಲ್ಲಿ ಐದು ಚಕ್ರಕ್ಕೆ ಪವರ್ ಇತ್ತು.

ನಮ್ಮ ತಪ್ಪೂ ಅದೇ. ಸಿಕ್ಕಿಬಿದ್ದಾಗ ಪವರ್ ಹಾಕಿದ್ವಿ, ಭಾರ ಹಂಚಲಿಲ್ಲ. ಚಕ್ರ ಸುಮ್ಮನೆ ತಿರುಗಿದರೆ ಅದು ಗುಂಡಿ ತೋಡುತ್ತೆ ಅಷ್ಟೇ. ಬೀಚಿನಲ್ಲಿ ಗಾಡಿಗೆ ಅನುಮತಿ ಇದೆಯಾ ಅಂತ ಮೊದಲು ಕೇಳಿ. ಇದ್ದರೆ, ಇಳಿತದ ಸಮಯ ನೋಡಿಕೊಂಡು ನೀರಂಚಿನ ತೇವದ ಗಟ್ಟಿ ಮರಳಿನಲ್ಲೇ ಹೋಗಿ. ಮೇಲಿನ ಒಣ ಮರಳು ಸಡಿಲ, ಜೊತೆಗೆ ಅಲ್ಲಿ ಕಡಲಾಮೆ ಮೊಟ್ಟೆಗಳೂ ಇರಬಹುದು. ಗಾಡಿ ಅಲೆ ಬಂದು ಹೋಗುವ ಜಾಗಕ್ಕೂ ಬೇಡ, ನೀರು ತುಂಬಿದ ಮರಳು ಕಾಲ ಕೆಳಗೇ ಕುಸಿಯುತ್ತೆ. ಗಕ್ಕನೆ ಬ್ರೇಕ್ ಹಾಕಬೇಡಿ, ಸ್ಟಿಯರಿಂಗ್ ಜೋರಾಗಿ ತಿರುಗಿಸಬೇಡಿ. ಒಂಟಿ ಗಾಡಿಯಲ್ಲಿ ಹೋಗಬೇಡಿ, ಬ್ಯಾಗ್ನಾಲ್ಡ್ ಕೂಡ ಹೋಗ್ತಿರಲಿಲ್ಲ. ಸಲಿಕೆ ಇರಲಿ. ಗಾಳಿ ತುಂಬುವ ಪಂಪ್ ಅಂತೂ ಇರಲೇಬೇಕು, ಯಾಕಂದ್ರೆ ಇಳಿಸಿದ ಟೈರಿನಲ್ಲೇ ಹೈವೇ ಹತ್ತಿದರೆ ಟೈರ್ ಬಿಸಿಯಾಗಿ ಸಿಡಿಯಬಹುದು.

ನಮ್ಮ ಹತ್ರ ಅವತ್ತು ಪಂಪ್ ಇರಲಿಲ್ಲ. ಪಂಕ್ಚರ್ ಅಂಗಡಿವರೆಗೂ ಆಮೆ ನಡಿಗೆಯಲ್ಲೇ ಹೋದ್ವಿ.