ಟಿ. ಆರ್. ನರಸಿಂಹರಾಜು

ತಿಪಟೂರು ರಾಮರಾಜು ನರಸಿಂಹರಾಜು (ಜುಲೈ 24, 1923 – ಜುಲೈ 1979) ಕನ್ನಡ ರಂಗಭೂಮಿ ಹಾಗೂ ಚಲನಚಿತ್ರರಂಗದ ಪ್ರಸಿದ್ಧ ಹಾಸ್ಯನಟರು. 'ಹಾಸ್ಯ ಚಕ್ರವರ್ತಿ' ಎಂಬುದು ಜನರು ಅವರಿಗೆ ನೀಡಿದ ಬಿರುದು.

ಬಾಲ್ಯ ಮತ್ತು ರಂಗಭೂಮಿ

ನರಸಿಂಹರಾಜು ಅವರು ಜನಿಸಿದ್ದು ಇಂದಿನ ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ. ಎಳೆಯ ವಯಸ್ಸಿನಲ್ಲಿಯೇ ವೃತ್ತಿ ನಾಟಕ ಕಂಪನಿಯನ್ನು ಸೇರಿ, ಲೋಹಿತಾಶ್ವ, ಪ್ರಹ್ಲಾದ ಮೊದಲಾದ ಬಾಲಪಾತ್ರಗಳನ್ನು ನಿರ್ವಹಿಸಿದರು. ಹೀಗಾಗಿ ನಾಟಕದ ಬಿಡಾರವೇ ಅವರಿಗೆ ಪಾಠಶಾಲೆಯಾಯಿತು. ಕಂಪನಿಗಳು ಆಗಾಗ ಮುಚ್ಚಿಹೋಗುತ್ತಿದ್ದ ಆ ಕಾಲದಲ್ಲಿ ಹಲವು ತಂಡಗಳಲ್ಲಿ ದುಡಿದು, ಬಳಿಕ ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿದರು.

ಚಲನಚಿತ್ರರಂಗ

ಎಚ್. ಎಲ್. ಎನ್. ಸಿಂಹ ನಿರ್ದೇಶನದ 'ಬೇಡರ ಕಣ್ಣಪ್ಪ' (1954) ಚಿತ್ರದಲ್ಲಿ ಅರ್ಚಕನ ಮಗ ಕಾಶಿಯ ಪಾತ್ರದಿಂದ ಅವರು ಬೆಳಕಿಗೆ ಬಂದರು. ರಾಜ್‌ಕುಮಾರ್ ನಾಯಕನಟರಾದುದೂ ಇದೇ ಚಿತ್ರದಿಂದ. ಕೃಶ ಶರೀರ, ಉಬ್ಬುಹಲ್ಲು, ಚುರುಕಾದ ಆಂಗಿಕ ಚಲನೆ ಮತ್ತು ಸ್ಪಷ್ಟ ಮಾತುಗಾರಿಕೆ ಅವರ ಹಾಸ್ಯದ ಬಂಡವಾಳವಾಗಿದ್ದವು. ಟಿ. ಎನ್. ಬಾಲಕೃಷ್ಣ ಅವರೊಡನೆ ಅವರ ಜೋಡಿ ಅತ್ಯಂತ ಜನಪ್ರಿಯವಾಯಿತು.

ಆ ದಿನಗಳಲ್ಲಿ ಕನ್ನಡ ಚಿತ್ರಗಳ ಸಂಖ್ಯೆ ಕಡಿಮೆಯಿದ್ದು, ಮದರಾಸಿನಲ್ಲಿ ನೆಲೆಸಿದ್ದ ಕಲಾವಿದರಿಗೆ ಕೆಲಸವೇ ದುರ್ಲಭವಾಗಿತ್ತು. ಆಗ ರಾಜ್‌ಕುಮಾರ್, ಬಾಲಕೃಷ್ಣ, ಜಿ. ವಿ. ಅಯ್ಯರ್ ಮತ್ತು ನರಸಿಂಹರಾಜು ಒಟ್ಟುಗೂಡಿ ಕಲಾವಿದರ ಸಂಘವನ್ನು ಕಟ್ಟಿ, ಊರೂರುಗಳಲ್ಲಿ ನಾಟಕಗಳನ್ನಾಡಿದರು. ಅವರ ಸಹಕಾರದ ಫಲವಾಗಿ 'ರಣಧೀರ ಕಂಠೀರವ' (1960) ಚಿತ್ರವು ತಯಾರಾಯಿತು. ಸಿನಿಮಾ ಕೈಬಿಟ್ಟಾಗ ನಟರನ್ನು ಪೋಷಿಸಿದ್ದು ರಂಗಭೂಮಿಯೇ ಎಂಬುದಕ್ಕೆ ಇದು ನಿದರ್ಶನ.

'ರತ್ನಗಿರಿ ರಹಸ್ಯ' (1957), 'ರತ್ನಮಂಜರಿ' (1962), 'ನಕ್ಕರೆ ಅದೇ ಸ್ವರ್ಗ' (1967) ಅವರ ಇತರ ಪ್ರಮುಖ ಚಿತ್ರಗಳು. 'ಸತ್ಯ ಹರಿಶ್ಚಂದ್ರ' (1965) ಚಿತ್ರದಲ್ಲಿ ವಿಶ್ವಾಮಿತ್ರನ ಸಾಲ ವಸೂಲಿಗೆ ಬೆನ್ನುಹತ್ತುವ ನಕ್ಷತ್ರಿಕನಾಗಿ ನಟಿಸಿದರು. ಬಾಲ್ಯದಲ್ಲಿ ಅದೇ ಕಥೆಯ ಲೋಹಿತಾಶ್ವನಾಗಿದ್ದವರು ಅವರು. ಕರುಣರಸವೇ ಪ್ರಧಾನವಾದ ಕಥೆಯ ಗಾಂಭೀರ್ಯಕ್ಕೆ ಭಂಗ ಬಾರದಂತೆ ಅಲ್ಲಿ ನಗೆಯನ್ನು ಬೆರೆಸಿದುದು ಅವರ ರಂಗಾನುಭವದ ಫಲ.

ನಿರ್ಮಾಪಕರಾಗಿ

1974ರಲ್ಲಿ 'ಪ್ರೊಫೆಸರ್ ಹುಚ್ಚೂರಾಯ' ಚಿತ್ರವನ್ನು ನಿರ್ಮಿಸಿ, ಅದರ ಮುಖ್ಯಪಾತ್ರದಲ್ಲಿ ನಟಿಸಿದರು. ನಾಯಕನ ಸಂಗಡಿಗನಾಗಿಯೇ ಹೆಚ್ಚಾಗಿ ಕಾಣಿಸಿಕೊಂಡ ಹಾಸ್ಯನಟನೊಬ್ಬ ಇಡೀ ಚಿತ್ರದ ಹೊಣೆಯನ್ನು ಹೊತ್ತದ್ದು ಆ ಕಾಲಕ್ಕೆ ವಿರಳ ಸಂಗತಿಯಾಗಿತ್ತು.

ನಿಧನ

ನರಸಿಂಹರಾಜು ಅವರು 1979ರ ಜುಲೈ ತಿಂಗಳಿನಲ್ಲಿ, 56 ವರ್ಷ ತುಂಬುವ ಮೊದಲೇ ನಿಧನರಾದರು. ಸುಮಾರು ಕಾಲು ಶತಮಾನ ಕನ್ನಡ ಚಿತ್ರಗಳಲ್ಲಿ ಹಾಸ್ಯವೆಂದರೆ ನರಸಿಂಹರಾಜು ಎಂಬಷ್ಟರ ಮಟ್ಟಿಗೆ ಅವರ ಹೆಸರು ಪ್ರಚಲಿತವಾಗಿತ್ತು.