ಕುದುರೆಯೊಂದಿಗೆ ಬಂದ ಹದಿನಾರರ ಹುಡುಗ: ಆಗಾ ಅಲಿ ಅಸ್ಕರ್

ವಿಜಯಪುರದ ಗೋಳಗುಮ್ಮಟದ ಮುಂದೆ ನಿಂತ ಟಾಂಗಾಗಳನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಇಟ್ಟಂಗಿಹಾಳ, ತಿಕೋಟಾ ಕಡೆಯಿಂದ ಕಾಲೇಜಿಗೆ ಬರುವ ಗೆಳೆಯರಿಗೂ ಆ ಗೊರಸಿನ ಸದ್ದು ಪರಿಚಿತವೇ. ಆದಿಲ್‌ಶಾಹಿಗಳ ಕಾಲದಲ್ಲಿ ಅರಬ್ಬಿ ಮತ್ತು ಇರಾನಿ ಕುದುರೆಗಳು ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂದು, ಘಟ್ಟ ಹತ್ತಿ ನಮ್ಮ ಊರಿನ ಲಾಯಗಳನ್ನು ಸೇರುತ್ತಿದ್ದವು. ಆ ಸುಲ್ತಾನರ ಕಾಲ ಮುಗಿದು ಶತಮಾನವೇ ಕಳೆದ ಮೇಲೆ, ಅದೇ ಕುದುರೆ ವ್ಯಾಪಾರ ಹಿಡಿದು ಇರಾನಿನಿಂದ ಬಂದು, ಕನ್ನಡ ನಾಡಿನಲ್ಲೇ ಬಾಳಿ ಮಣ್ಣಾದವರು ಆಗಾ ಅಲಿ ಅಸ್ಕರ್.

ಅವರು ಹುಟ್ಟಿದ್ದು 1808ರಲ್ಲಿ, ಇರಾನಿನ ಶಿರಾಜ್ ನಗರದಲ್ಲಿ. 1824ರಲ್ಲಿ ಅಣ್ಣಂದಿರ ಜೊತೆ ಕುದುರೆಗಳನ್ನು ತೆಗೆದುಕೊಂಡು ಬೆಂಗಳೂರಿಗೆ ಬಂದರು. ಆಗ ಅವರಿಗೆ ಹದಿನಾರು ವರ್ಷ, ಅಂದರೆ ನಮ್ಮ ಪ್ರಥಮ ಪಿಯುಸಿ ವಿದ್ಯಾರ್ಥಿಗಳ ವಯಸ್ಸು. ಊರು ಹೊಸದು, ಭಾಷೆ ಹೊಸದು. ಕೈಯಲ್ಲಿದ್ದ ಬಂಡವಾಳವೆಲ್ಲ ನಾಲ್ಕು ಕಾಲಿನ ಮೇಲೆ ನಿಂತಿತ್ತು.

ಆಗ ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷರ ಸೈನ್ಯವಿತ್ತು. ಸೈನ್ಯಕ್ಕೂ ಅಧಿಕಾರಿಗಳಿಗೂ ಒಳ್ಳೆಯ ಕುದುರೆ ಬೇಕಾಗಿತ್ತು. ಕುದುರೆಗಳನ್ನು ಇಲ್ಲಿಯೇ ಬೆಳೆಸಬಹುದಿತ್ತಲ್ಲ ಎಂದು ನಾವು ಕೇಳಬಹುದು. ಮೈಸೂರು ಸೀಮೆಯ ಕುಣಿಗಲ್‌ನಲ್ಲಿ ಟಿಪ್ಪು ಸುಲ್ತಾನರ ಕಾಲದಿಂದಲೂ ಕುದುರೆ ತಳಿ ಬೆಳೆಸುತ್ತಿದ್ದರು. ಆದರೆ ಹೆಣ್ಣು ಕುದುರೆ ಗಬ್ಬವಾಗಿ ಮರಿ ಹಾಕಲು ಹನ್ನೊಂದು ತಿಂಗಳು ಬೇಕು. ಆ ಮರಿ ಬೆಳೆದು ಸವಾರನನ್ನು ಹೊರಲು ಇನ್ನೂ ಮೂರು ನಾಲ್ಕು ವರ್ಷ ಬೇಕು. ಸೈನ್ಯ ಅಷ್ಟು ಕಾಯುವುದಿಲ್ಲ. ಹಾಗಾಗಿ ಅಲಿ ಅಸ್ಕರ್ ಅವರಂಥ ವ್ಯಾಪಾರಿಗಳಿಗೆ ಬೇಡಿಕೆ ಹೆಚ್ಚಿತ್ತು.

ಬೆಂಗಳೂರಿನಲ್ಲಿ ಇಂದು ಜಾನ್ಸನ್ ಮಾರ್ಕೆಟ್ ಇರುವ ಕಡೆ ಅವರ ಲಾಯಗಳಿದ್ದವು. ಲಾಯ ನಡೆಸುವುದು ಅಂಗಡಿ ನಡೆಸಿದಂತಲ್ಲ. ಅಂಗಡಿಗೆ ರಾತ್ರಿ ಬೀಗ ಹಾಕಬಹುದು, ಲಾಯಕ್ಕೆ ರಜೆಯೇ ಇಲ್ಲ. ನಸುಕಿನಲ್ಲೇ ಲದ್ದಿ ಬಳಿಯಬೇಕು, ನೀರು ಕುಡಿಸಬೇಕು, ಮೈ ತಿಕ್ಕಬೇಕು, ಗೊರಸಿನ ಸಂದಿಯಲ್ಲಿ ಸಿಕ್ಕ ಕಲ್ಲು ಕೆಸರು ತೆಗೆಯಬೇಕು. ಕುದುರೆಯ ಹೊಟ್ಟೆ ಅದರ ಮೈಗೆ ಹೋಲಿಸಿದರೆ ಚಿಕ್ಕದು. ಆದ್ದರಿಂದ ಹುಲ್ಲು, ಹುರುಳಿಯನ್ನು ಒಮ್ಮೆಲೇ ಸುರಿಯದೆ ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪವೇ ಹಾಕಬೇಕು. ಕುದುರೆಗೆ ತಿಂದದ್ದನ್ನು ವಾಂತಿ ಮಾಡಲು ಬರುವುದಿಲ್ಲ. ಮೇವು ಕೆಟ್ಟಿದ್ದರೆ ಹೊಟ್ಟೆಶೂಲೆ ಬಂದು ಒಂದೇ ರಾತ್ರಿಯಲ್ಲಿ ಸಾಯಬಹುದು. ಮರಿ ಹಾಕುವುದೂ ಹೆಚ್ಚಾಗಿ ರಾತ್ರಿಯೇ. ಮಾಲೀಕನ ನಿದ್ದೆ ಕುದುರೆಯ ಆರೋಗ್ಯದ ಮೇಲೆ ನಿಂತಿರುತ್ತದೆ.

ಈ ವ್ಯಾಪಾರದಲ್ಲಿ ಮೋಸಕ್ಕೂ ಅವಕಾಶ ಬಹಳ. ಬಲ್ಲವರು ಹಲ್ಲು ನೋಡಿ ಕುದುರೆಯ ವಯಸ್ಸು ಹೇಳುತ್ತಾರೆ, ಅರಿಯದವರಿಗೆ ಮುದಿ ಕುದುರೆಯನ್ನೂ ಮಾರಬಹುದು. ಆದರೆ ಅಲಿ ಅಸ್ಕರ್ ಬೆಂಗಳೂರಿನಲ್ಲಿ ಒಂದೆರಡು ವರ್ಷವಲ್ಲ, ಅರವತ್ತು ವರ್ಷಕ್ಕೂ ಮೇಲೆ ಬಾಳಿದರು. ಒಮ್ಮೆ ಮೋಸ ಮಾಡಿದವರಿಗೆ ಒಂದೇ ಊರಿನಲ್ಲಿ ಅಷ್ಟು ಕಾಲ ತಲೆಯೆತ್ತಿ ನಿಲ್ಲುವುದು ಕಷ್ಟ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಸ್ವತಃ ಕುದುರೆಗಳ ಪ್ರೇಮಿ. ಅವರು ಅಲಿ ಅಸ್ಕರ್ ಅವರ ಸ್ನೇಹಿತರಾದರು. ಮೈಸೂರು ಅರಮನೆಯ ವಿಶ್ವಾಸವೂ ಅವರಿಗೆ ದೊರೆಯಿತು.

ಕುದುರೆಯಿಂದ ಬಂದ ಹಣವನ್ನು ಅವರು ಸ್ವದೇಶಕ್ಕೆ ಸಾಗಿಸಲಿಲ್ಲ. ದಂಡು ಪ್ರದೇಶದಲ್ಲಿ ಅನೇಕ ಬಂಗಲೆಗಳನ್ನು ಕಟ್ಟಿಸಿದರು. 1864ರಲ್ಲಿ ಬೆಂಗಳೂರಿಗೆ ರೈಲು ಬಂದು ಕಾಲ ಬದಲಾಗತೊಡಗಿತು. ಆ ಹೊತ್ತಿಗೆ ಅವರ ಬೇರು ಈ ಮಣ್ಣಿನಲ್ಲಿ ಆಳಕ್ಕೆ ಇಳಿದಿತ್ತು. 1891ರಲ್ಲಿ ಅವರು ತೀರಿಕೊಂಡರು. ಅವರ ದಾನದ ನೆರವಿನಿಂದ ರಿಚ್‌ಮಂಡ್ ಟೌನ್‌ನಲ್ಲಿ ಮಸ್ಜಿದ್-ಎ-ಅಸ್ಕರಿ ನಿಂತಿದೆ. ಬೆಂಗಳೂರಿನ ಒಂದು ರಸ್ತೆಗೆ ಇಂದಿಗೂ ಅಲಿ ಅಸ್ಕರ್ ರಸ್ತೆ ಎಂದೇ ಹೆಸರು.

ಅವರ ಮೊಮ್ಮಗ ಯಾರು ಗೊತ್ತೇ? 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್! ಲಾಯದಿಂದ ದಿವಾನಗಿರಿಗೆ ಈ ಮನೆತನ ತೆಗೆದುಕೊಂಡದ್ದು ಎರಡೇ ತಲೆಮಾರು.

ನಮ್ಮ ನಗರದಲ್ಲಿ ಟಾಂಗಾ ಓಡಿಸುವವರ ಮಕ್ಕಳೂ ಓದುತ್ತಿದ್ದಾರೆ. ಅಪ್ಪನ ಕೆಲಸ ಏನೆಂದು ಕೇಳಿದರೆ ಕೆಲವರು ತಲೆ ತಗ್ಗಿಸುತ್ತಾರೆ. ನಸುಕಿನಲ್ಲಿ ಎದ್ದು ತಾನು ಉಣ್ಣುವ ಮೊದಲು ಮೂಕ ಪ್ರಾಣಿಗೆ ನೀರು, ಮೇವು ಇಡುವ ಅಪ್ಪನ ಬಗ್ಗೆ ನಾಚಿಕೆ ಏಕೆ? ಸರ್ ಮಿರ್ಜಾ ಅವರ ಅಜ್ಜನೂ ಕುದುರೆಗಳನ್ನೇ ನಂಬಿ ಬದುಕು ಕಟ್ಟಿದವರು. ಮುಂದಿನ ಸಲ ಯಾರಾದರೂ ಕೇಳಿದಾಗ ತಲೆಯೆತ್ತಿ ಉತ್ತರ ಹೇಳೋಣ.