ಮ. ರಾಮಮೂರ್ತಿ

ಮ. ರಾಮಮೂರ್ತಿ (ಮಾರ್ಚ್ 11, 1918 – ಡಿಸೆಂಬರ್ 25, 1967) ಪತ್ರಕರ್ತರು, ಪತ್ತೇದಾರಿ ಕಾದಂಬರಿಕಾರರು ಹಾಗೂ ಕನ್ನಡ ಚಳವಳಿಯ ಮುಂದಾಳುಗಳಲ್ಲಿ ಒಬ್ಬರು. ಹಳದಿ-ಕೆಂಪು ವರ್ಣದ ಕನ್ನಡ ಬಾವುಟವನ್ನು ರೂಪಿಸಿದವರು ಇವರೇ.

ಜನನ ಮತ್ತು ಬರವಣಿಗೆ

ರಾಮಮೂರ್ತಿಯವರು ನಂಜನಗೂಡಿನಲ್ಲಿ ಜನಿಸಿದರು. ತಂದೆ ವೀರಕೇಸರಿ ಎಂದೇ ಹೆಸರಾದ ಪತ್ರಕರ್ತ ಸೀತಾರಾಮಶಾಸ್ತ್ರಿಗಳು. ಮಗನೂ ಪತ್ರಿಕೋದ್ಯಮವನ್ನೇ ಹಿಡಿದು 'ಕನ್ನಡ ಯುವಜನ' ವಾರಪತ್ರಿಕೆಯನ್ನು ನಡೆಸಿದರು. ಇವರ ಪತ್ತೇದಾರಿ ಕಾದಂಬರಿಗಳು ಸಾಮಾನ್ಯ ಜನರಲ್ಲಿ ಓದುವ ಅಭ್ಯಾಸವನ್ನು ಬೆಳೆಸಿದವು. ಸಾಹಿತ್ಯ ಚರಿತ್ರೆಗಳು ಇವುಗಳಿಗೆ ಕೊಟ್ಟಿರುವ ಸ್ಥಾನ ಕಡಿಮೆಯೆಂದೇ ಹೇಳಬೇಕು.

ಬೆಂಗಳೂರಿನ ಬೀದಿಗಳಲ್ಲಿ ಕನ್ನಡ

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಆದರೆ ರಾಜಧಾನಿಯ ಬೀದಿಗಳು ಅಷ್ಟು ಬೇಗ ಕನ್ನಡವಾಗಲಿಲ್ಲ. ದಂಡು ಪ್ರದೇಶದ ಅಂಗಡಿಗಳ ನಾಮಫಲಕ, ಚಿತ್ರಮಂದಿರದ ಭಿತ್ತಿಪತ್ರ, ಸಂಗೀತೋತ್ಸವದ ವೇದಿಕೆ ಎಲ್ಲೆಡೆಯೂ ಅನ್ಯಭಾಷೆಗಳದೇ ಮೇಲುಗೈಯಾಗಿತ್ತು. 1962ರಲ್ಲಿ ರಾಮೋತ್ಸವದ ಸಂಗೀತ ಕಚೇರಿಗಳಲ್ಲಿ ಕನ್ನಡ ಕಲಾವಿದರಿಗೆ ಅವಕಾಶ ಬೇಕೆಂದು ಅ.ನ. ಕೃಷ್ಣರಾಯರ ನೇತೃತ್ವದಲ್ಲಿ ಪ್ರತಿಭಟನೆ ನಡೆದಾಗ ರಾಮಮೂರ್ತಿಯವರು ಅವರ ಜೊತೆಗಿದ್ದರು. ಮುಂದೆ ಕನ್ನಡ ಪಕ್ಷವನ್ನು ಕಟ್ಟಿದರು. ಸಭೆ, ಮೆರವಣಿಗೆ, ಕರಪತ್ರಗಳ ಮೂಲಕ ನಗರದಲ್ಲಿ ಕನ್ನಡವು ಕಣ್ಣಿಗೂ ಕಿವಿಗೂ ಬೀಳಬೇಕೆಂದು ಹೋರಾಡಿದರು.

ಬಾವುಟ ಹುಟ್ಟಿದ್ದೂ ಈ ಓಡಾಟದಲ್ಲಿಯೇ. ಬೆಂಗಳೂರಿನಲ್ಲಿ ನೆರೆರಾಜ್ಯದ ಪಕ್ಷಗಳ ಧ್ವಜಗಳು ಹಾರಾಡುತ್ತಿದ್ದವು. ಕನ್ನಡಿಗರಿಗೆ ಎತ್ತಿ ಹಿಡಿಯಲು ತಮ್ಮದೆನ್ನುವ ಗುರುತು ಇರಲಿಲ್ಲ. ಅವರು ಆರಿಸಿಕೊಂಡದ್ದು ಅರಿಶಿನ ಮತ್ತು ಕುಂಕುಮದ ಬಣ್ಣಗಳನ್ನು, ಅಂದರೆ ಪ್ರತಿ ಮನೆಯ ಹೊಸ್ತಿಲಲ್ಲಿ ಇರುವುದನ್ನೇ. ಓದು ಬಾರದವರಿಗೂ ಅರ್ಥವಾಗುವ ಫಲಕ ಅದು. ಬಾವುಟ ಬೇಗ ಹಬ್ಬಿದ್ದಕ್ಕೆ ಇದೇ ಮುಖ್ಯ ಕಾರಣವೆನ್ನಬಹುದು.

ನಿಧನ

ಬೆಂಗಳೂರಿನ ಹೊರವಲಯದ ತಲಘಟ್ಟಪುರದ ಬಳಿ ತಮ್ಮ ಜಮೀನಿನಲ್ಲಿ ಬಾವಿ ತೋಡಿಸುತ್ತಿದ್ದಾಗ ಮಣ್ಣು ಕುಸಿದು ರಾಮಮೂರ್ತಿಯವರು ಅಸುನೀಗಿದರು. ಅವರ ಇಬ್ಬರು ಗಂಡುಮಕ್ಕಳೂ ಅದೇ ಅವಘಡಕ್ಕೆ ಬಲಿಯಾದರು. ಆಗ ಅವರಿಗೆ 49 ವರ್ಷ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಅದನ್ನು ನೋಡಲು ಅವರು ಇರಲಿಲ್ಲ.

ಬಾವುಟದ ನಂತರದ ಕಥೆ

ಈ ಬಾವುಟಕ್ಕೆ ಶಾಸನದ ಮನ್ನಣೆ ಇಲ್ಲದಿದ್ದರೂ ರಾಜ್ಯೋತ್ಸವದ ದಿನ ಕುಣಿಗಲ್, ಗುಬ್ಬಿಯಂಥ ತಾಲ್ಲೂಕು ಕೇಂದ್ರಗಳ ವೃತ್ತಗಳಲ್ಲಿಯೂ ಆಟೋ ನಿಲ್ದಾಣಗಳಲ್ಲಿಯೂ ಹಾರುತ್ತದೆ. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವು ನಡುವೆ ಬಿಳಿ ಪಟ್ಟಿ ಮತ್ತು ಗಂಡಭೇರುಂಡವಿರುವ ಹೊಸ ವಿನ್ಯಾಸವನ್ನು ಒಪ್ಪಿ ಕೇಂದ್ರದ ಅನುಮೋದನೆಗೆ ಕಳುಹಿಸಿತು. ಜನರ ಕೈಯಲ್ಲಿ ಉಳಿದಿರುವುದು ರಾಮಮೂರ್ತಿಯವರ ಎರಡು ಬಣ್ಣಗಳೇ.